ಉಲ್ಕೆಗಳ ಮುಹೂರ್ತ

ಮೂಲಾ ನಕ್ಷತ್ರ ಕೂಡುವ ಹೊತ್ತನ್ನು ನೋಡಿ ತೇರೆಳೆಯುವ ಊರು ಕೊಟ್ಟೂರು. ಅಲ್ಲಿ ಮುಹೂರ್ತ ತಪ್ಪಿಸಿದವರಿಗೆ ಕ್ಷಮೆ ಸುಲಭವಾಗಿ ದೊರೆಯದು. 1999ರ ನವೆಂಬರಿನಲ್ಲಿ ಅಂಥ ಅಪರಾಧವೊಂದು ಅಲ್ಲಿನ ವಿಜ್ಞಾನದ ಮೇಷ್ಟರೊಬ್ಬರಿಂದ ನಡೆದುಹೋಯಿತು.

ಟೆಂಪೆಲ್-ಟಟ್ಟಲ್ ಎಂಬ ಧೂಮಕೇತು ಸುಮಾರು 33 ವರ್ಷಗಳಿಗೊಮ್ಮೆ ಸೂರ್ಯನ ಬಳಿ ಬಂದು ಧೂಳು ಚೆಲ್ಲಿ ಹೋಗುತ್ತದೆ. ಪ್ರತಿ ನವೆಂಬರಿನಲ್ಲಿ ಭೂಮಿ ಆ ಧೂಳಿನ ಹಾದಿಯನ್ನು ದಾಟುವಾಗ ಸಿಂಹರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವೆ. 1899ರಲ್ಲಿ ಚೆಲ್ಲಿದ ಧೂಳಿನ ಎಳೆಯನ್ನು ಗಣಿಸಿ, ಆಷರ್ ಮತ್ತು ಮ್ಯಾಕ್‌ನಾಟ್ ಎಂಬ ವಿಜ್ಞಾನಿಗಳು ನವೆಂಬರ್ 18ರ 2 ಗಂಟೆ 8 ನಿಮಿಷಕ್ಕೆ ಉಲ್ಕಾವೃಷ್ಟಿ ತುದಿ ಮುಟ್ಟುವುದೆಂದು ಸಾರಿದ್ದರು. ಮೇಷ್ಟರು ಆ ಗಳಿಗೆಯನ್ನು ನಂಬಿ ಮೂವತ್ತು ಮಕ್ಕಳನ್ನು ಊರಾಚೆಯ ಹೊಲಕ್ಕೆ ಕರೆದೊಯ್ದರು.

ಕಂಬಳಿ ಹೊದ್ದು ಮೂರು ಗಂಟೆಯವರೆಗೆ ಕಾದದ್ದಾಯಿತು. ಬಿದ್ದವು ಬೆರಳೆಣಿಕೆಯಷ್ಟು.

“ಸಾರ್, ಮೈಲಾರದ ಕಾರ್ಣಿಕಕ್ಕಾದ್ರೂ ಏನೋ ಒಂದು ಅರ್ಥ ಹೇಳ್ತಾರ. ನಿಮ್ಮ ಲೆಕ್ಕಕ್ಕ ಏನ್ ಅರ್ಥ ಐತ್ರಿ?” ಎಂದನೊಬ್ಬ ಹುಡುಗ.

ಯೂರೋಪಿನಲ್ಲಿ ಉಲ್ಕೆಗಳು ಹೇಳಿದ ಹೊತ್ತಿಗೇ ಸುರಿದವೆಂಬ ಸುದ್ದಿ ಬಂದಾಗ ಮೇಷ್ಟರ ಮುಖ ಸಣ್ಣದಾಯಿತು. ಆ ಹೊತ್ತು ಗ್ರೀನ್‌ವಿಚ್ಚಿನದು! ಐದೂವರೆ ಗಂಟೆ ಕೂಡಿಸಿದರೆ ಕೊಟ್ಟೂರಿನಲ್ಲಿ ಬೆಳಗಿನ 7-38. ಸೂರ್ಯ ಮೂಡಿ ಗಂಟೆ ಕಳೆದಿರುತ್ತದೆ. ವಿಜ್ಞಾನಿಗಳ ಮೇಲೆ ತಪ್ಪು ಹೊರಿಸಿ ಪಾರಾಗಬಹುದಿತ್ತು. ಅವರು ಹಾಗೆ ಮಾಡದೆ ಆ ಕೂಡುವ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು, “ತಪ್ಪು ನನ್ನದು” ಎಂದರು. ಉಲ್ಕಾವೃಷ್ಟಿಯ ತುದಿಯೂ ಸಂಕ್ರಮಣದಂತೆ ಸೂರ್ಯನ ಸ್ಥಾನವನ್ನು ಹಿಡಿದು ಬರುವಂಥದು. ವರ್ಷವೆಂಬುದು 365 ದಿನ 6 ಗಂಟೆ 9 ನಿಮಿಷವಾದ್ದರಿಂದ ಪ್ರತಿವರ್ಷ ಸುಮಾರು ಆರು ಗಂಟೆ ಸರಿಯುತ್ತದೆ, ಒಮ್ಮೆ ನಮಗೆ ರಾತ್ರಿ, ಒಮ್ಮೆ ಹಗಲು ಎಂದು ವಿವರಿಸಿದರು.

ಡಿಸೆಂಬರ್ 14ರ ರಾತ್ರಿ ಮಿಥುನರಾಶಿಯ ಉಲ್ಕೆಗಳಿಗಾಗಿ ಮತ್ತೆ ಕರೆದಾಗ ಬಂದವರು ಎಂಟೇ ಮಂದಿ. ಆ ಹುಡುಗ ತನ್ನ ಅಜ್ಜನನ್ನೂ ಕರೆತಂದಿದ್ದ. ಅರೆಚಂದ್ರ ಮುಳುಗಿತು. ಉಲ್ಕೆಗೊಂದರಂತೆ ಅಜ್ಜ ಶೇಂಗಾಕಾಯಿಯನ್ನು ಟವೆಲಿನ ಮೇಲೆ ಇಡುತ್ತ ಹೋದ. ಎರಡು ಗಂಟೆಗೆ ಎಣಿಸಿದರೆ ಅರವತ್ತೆಂಟು.

“ಮುಂದಿನ ವರ್ಷ ಯಾವಾಗ್ರಿ ಮೇಷ್ಟ್ರ?”

“ಮುಂದಿನ ವರ್ಷ ಬೆಳುದಿಂಗಳು ಅಡ್ಡ ಬರುತ್ತದೆ, ಅಜ್ಜಾರೆ. 2001ರಲ್ಲಿ ಅಮಾವಾಸ್ಯೆ. ಆಗ ಇದಕ್ಕಿಂತ ಚೆನ್ನಾಗಿರುತ್ತದೆ. ಬರಬೇಕು.”

ಅಜ್ಜ ಶೇಂಗಾವನ್ನು ಮಕ್ಕಳಿಗೆ ಹಂಚಿ, ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

“ಇದ್ರ ಬರ್ತೀನ್ರಿ” ಎಂದ.