ಕಾಲಂ ಸಿಗದವರು

12 ಜುಲೈ 2025, ಶನಿವಾರ

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕೆಲಸ ಹಂಚುವಾಗ ಪ್ರಾಚಾರ್ಯರು ಐದನೆಯ ಮಾನದಂಡವನ್ನು ನನ್ನ ತಲೆಗೆ ಕಟ್ಟಿದರು. ಅರ್ಥಶಾಸ್ತ್ರದವರು, ಅಂಕಿ-ಅಂಶ ನಿಮಗೆ ಸಲೀಸು ಅನ್ನೋ ಸಮಜಾಯಿಷಿ ಬೇರೆ. 2024ರಲ್ಲಿ ಪದವಿ ಮುಗಿಸಿ ಹೋದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ, ಎಷ್ಟು ಮಂದಿ ಮುಂದೆ ಓದುತ್ತಿದ್ದಾರೆ, ಇಷ್ಟು ಬೇಕು. ಕೆಲಸಕ್ಕೆ ನೇಮಕಾತಿ ಪತ್ರ, ಓದಿಗೆ ಪ್ರವೇಶದ ರಸೀದಿ ಇಲ್ಲವೇ ಗುರುತಿನ ಚೀಟಿ. ದಾಖಲೆ ಇಲ್ಲದ ಹೆಸರು ಲೆಕ್ಕಕ್ಕಿಲ್ಲ.

ಇದು ಎನ್‌ಇಪಿಯ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ, ಮೊದಲ ತಂಡ. 2021ರಲ್ಲಿ, ಕೋವಿಡ್ ಗದ್ದಲದಲ್ಲೇ ಸೇರಿದವರು. ಮೂರು ವರ್ಷಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದು ಇವರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆವು. ಇವರು ಹೊರಬೀಳುವ ಹೊತ್ತಿಗೆ ಸರ್ಕಾರ ಹಳೆಯ ಮೂರು ವರ್ಷದ ಪದ್ಧತಿಗೇ ಮರಳಿತು. ನಾಲ್ಕನೆಯ ವರ್ಷಕ್ಕೆ ನಮ್ಮಲ್ಲಿ ಯಾರೂ ಉಳಿಯಲಿಲ್ಲ.

14 ಜುಲೈ, ಸೋಮವಾರ

ಪ್ರವೇಶ ಅರ್ಜಿಯ ನಂಬರುಗಳಲ್ಲಿ ಬಹಳಷ್ಟು ಚಾಲ್ತಿಯಲ್ಲಿಲ್ಲ. ಚಾಲ್ತಿಯಲ್ಲಿರುವವು ಅಪ್ಪಂದಿರವು. "ಅವ ಧಾರವಾಡದಾಗ ಅದಾನ್ರಿ ಸರ, ಓದಾಕ ಹೋಗ್ಯಾನ" ಎಂದರೆ ನನಗೆ ಎಂಎ ಇರಬೇಕು ಎಂದು ಆಸೆ. ಎಂಎ ಅಲ್ಲ, ಸಪ್ತಾಪುರದಲ್ಲಿ ಸರ್ಕಾರಿ ನೌಕರಿ ಪರೀಕ್ಷೆಯ ಕೋಚಿಂಗ್.

ಒಬ್ಬ ಹುಡುಗ ನೇರವಾಗಿ ಸಿಕ್ಕ. ಒಂದೇ ರೂಮಿನಲ್ಲಿ ನಾಲ್ವರು, ಎರಡು ಹೊತ್ತು ಮೆಸ್ಸು, ತಿಂಗಳ ಬಾಡಿಗೆ ಕಟ್ಟಿ ರೀಡಿಂಗ್ ರೂಮಿನಲ್ಲಿ ಒಂದು ಕುರ್ಚಿ. ಮೆಕ್ಕೆಜೋಳ ಮಾರಿದಾಗ ಮನೆಯಿಂದ ದುಡ್ಡು ಬರುತ್ತದೆ. ಹೋದ ವರ್ಷ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆ ಬರೆದ. ಇದ್ದ ಹುದ್ದೆ 1000, ಬೇಕಾದ ಅರ್ಹತೆ ಪಿಯುಸಿ. ಅಷ್ಟಕ್ಕೆ ಡಿಗ್ರಿ ಯಾಕೆ ಮಾಡಿದೆಯೋ ಎಂದೆ. "ನಮ್ಮ ರೂಮಿನಾಗ ಎಂಎಸ್ಸಿ ಮುಗಿಸಿದವರೂ ಅದನ್ನ ಬರದಾರ್ರಿ ಸರ" ಎಂದ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಕಳೆದ ಅಕ್ಟೋಬರಿನಲ್ಲಿ ಸಂಪುಟ ತೀರ್ಮಾನಿಸಿತು. ಅಲ್ಲಿಂದ ಇವನು ಕಾಯುತ್ತಲೇ ಇದ್ದಾನೆ. ರೂಮಿನ ಬಾಡಿಗೆ ಮಾತ್ರ ಕಾಯುವುದಿಲ್ಲ.

ಇವನನ್ನು ಯಾವ ಕಾಲಮಿಗೆ ಹಾಕಲಿ? ಕೆಲಸದಲ್ಲಿಲ್ಲ. ಓದುತ್ತಿದ್ದಾನೆ, ಆದರೆ ಪ್ರವೇಶದ ರಸೀದಿ ಇಲ್ಲ.

19 ಜುಲೈ, ಶನಿವಾರ

ಇವತ್ತು ಕೆಲಸ ಸಿಕ್ಕವರ ಸರದಿ. ಬಿಕಾಂನ ಒಬ್ಬ ಮೈಕ್ರೋಫೈನಾನ್ಸ್ ಕಂಪನಿಯ ನೇಮಕಾತಿ ಪತ್ರ ವಾಟ್ಸಾಪಿನಲ್ಲಿ ಕಳಿಸಿದ. ಬಣ್ಣದ ಲೆಟರ್‌ಹೆಡ್, ಸಹಿ, ಸಿಕ್ಕಾ, ಎಲ್ಲ ಪಕ್ಕಾ. ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತಂತೆ. ಬೆಳಿಗ್ಗೆ ಆರಕ್ಕೇ ಬೈಕು ಹತ್ತಿ ಸಂಘದ ಹೆಂಗಸರ ಮುಂದೆ ವಾರದ ಕಂತಿಗೆ ಕೂರಬೇಕಿತ್ತು. ಕಟ್ಟದವರ ಬಾಗಿಲು ಕಾಯಬೇಕಿತ್ತು. ಫೆಬ್ರುವರಿಯಲ್ಲಿ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂದಮೇಲೆ ಜನ ಎದುರು ಮಾತಾಡತೊಡಗಿದರು, ಮೇಲಿನವರು ಟಾರ್ಗೆಟ್ ಇಳಿಸಲಿಲ್ಲ. "ನಮ್ಮ ಊರಿನ ಅಕ್ಕಂದಿರನ್ನ ಬೈಯಾಕ ನನ್ನ ಕೈಲಾಗಲಿಲ್ರಿ" ಎಂದ. ಈಗ ಮನೆಯಲ್ಲಿದ್ದಾನೆ. ನನ್ನ ಪಟ್ಟಿಯಲ್ಲಿ ಉದ್ಯೋಗಿ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಇನ್ನೊಬ್ಬ, ಪದವಿ ಮುಗಿದಾಗಿನಿಂದ ಅಲ್ಲೇ ಇದ್ದಾನೆ. ಸಂಬಳವೂ ಮೊದಲಿನವನಿಗಿಂತ ವಾಸಿ. ಪತ್ರ ಕೇಳಿದ್ದಕ್ಕೆ ಸಾವ್ಕಾರ್ರು ನಕ್ಕರಂತೆ. ಅವನು ಪಟ್ಟಿಯಲ್ಲಿ ಇಲ್ಲ.

ಸಂಜೆ ಮತ್ತೊಬ್ಬ ತಾನೇ ಫೋನ್ ಮಾಡಿದ. ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ, ನಗದು ಸಂಬಳ. "ಸರ, ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ, ಯುವನಿಧಿ ನಿಂತು ಹೋಗ್ತೈತಿ." ಪದವೀಧರರಿಗೆ ತಿಂಗಳಿಗೆ 3000, ಗರಿಷ್ಠ ಎರಡು ವರ್ಷ, ಕೆಲಸ ಸಿಗದಿದ್ದರೆ ಮಾತ್ರ. ತಪ್ಪೇ. ಆದರೆ ಆ ಅಂಗಡಿಯ ಸಂಬಳವನ್ನು ಸಂಬಳ ಎಂದು ಕರೆಯಲು ನನಗೂ ಬಾಯಿ ಬರಲಿಲ್ಲ. ಹಾಕಲಿಲ್ಲ, ಹಾಕಲು ದಾಖಲೆಯೂ ಇರಲಿಲ್ಲ.

27 ಜುಲೈ, ಭಾನುವಾರ

ಹುಡುಗಿಯರದ್ದೇ ಬೇರೆ ಕಥೆ. ಮುಂದೆ ಓದುವ ಕಾಲಂ ತುಂಬಿದ್ದರೆ ಅದು ಇವರಿಂದ. ಕೆಲವರು ಬಿಎಡ್, ಕೆಲವರು ಕೆರಿಮತ್ತಿಹಳ್ಳಿಯಲ್ಲಿ ಸ್ನಾತಕೋತ್ತರ. ಧಾರವಾಡದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಅದು 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವಾಯಿತು. ದಿನಾ ಮನೆಯಿಂದಲೇ ಓಡಾಟ. ಶಕ್ತಿ ಯೋಜನೆಯ ಉಚಿತ ಬಸ್ಸಿಲ್ಲದಿದ್ದರೆ ಅಪ್ಪ ಕಳಿಸುತ್ತಿರಲಿಲ್ಲ ಎಂದು ಒಬ್ಬಳು ಹೇಳಿದಳು. ಹಾಸ್ಟೆಲ್ ಖರ್ಚಿನ ಮಾತು ಬಂದಿದ್ದರೆ ಓದು ಅಲ್ಲಿಗೇ ಮುಗಿಯುತ್ತಿತ್ತು.

ಮದುವೆಯಾದವರು ಹೆಚ್ಚು ಮಾತಾಡಲಿಲ್ಲ. ಅಂತಿಮ ವರ್ಷದಲ್ಲಿ ನನ್ನ ವಿಷಯಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವಳು, ಹಿಂದೆ ಮಗು ಅಳುತ್ತಿದ್ದರೂ, "ಸರ್, ಕೆಸೆಟ್‌ಗೆ ಎಂಎ ಆಗಿರಲೇಬೇಕಾ?" ಎಂದು ಕೇಳಿದಳು. ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಯ ಪರೀಕ್ಷೆ ಅದು, ಆಗಿರಬೇಕು ಎಂದೆ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯನ್ನು ತರಗತಿಯಲ್ಲಿ ಪಾಠ ಮಾಡುತ್ತೇನೆ. 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ. 42ರ ಮೇಲೆ; 35 ದಾಟಿದವರಲ್ಲಿ ಶೇ. 5ಕ್ಕಿಂತ ಕಡಿಮೆ. ಆ ಹತ್ತು ವರ್ಷದಲ್ಲಿ ಎಲ್ಲರಿಗೂ ಒಳ್ಳೆಯ ಕೆಲಸ ಸಿಕ್ಕಿತೆಂದು ಇದರ ಅರ್ಥವಲ್ಲ. ಕೆಲಸ ಹುಡುಕುವವರನ್ನು, ಕೆಲಸಕ್ಕೆ ಸಿದ್ಧರಿರುವವರನ್ನು ಮಾತ್ರ ಸಮೀಕ್ಷೆ ನಿರುದ್ಯೋಗಿ ಎನ್ನುತ್ತದೆ. ಕಾದು ಕಾದು ಸಿಕ್ಕಿದ್ದಕ್ಕೆ ಸೇರಿಕೊಂಡವನು ಉದ್ಯೋಗಿ. ಹುಡುಕುವುದನ್ನೇ ಬಿಟ್ಟು ಒಲೆ ಮುಂದೆ ನಿಂತವಳು ಎಣಿಕೆಯಿಂದಲೇ ಹೊರಗೆ.

5 ಆಗಸ್ಟ್, ಮಂಗಳವಾರ

ಒಳಮೀಸಲಾತಿಯ ನಾಗಮೋಹನ್ ದಾಸ್ ಆಯೋಗ ನಿನ್ನೆ ಮುಖ್ಯಮಂತ್ರಿಗಳಿಗೆ ವರದಿ ಕೊಟ್ಟಿದೆ. ಬೆಳಿಗ್ಗೆಯೇ ಧಾರವಾಡದ ಹುಡುಗನ ಮೆಸೇಜು: "ಇನ್ನ ನೋಟಿಫಿಕೇಶನ್ ಬಿಡ್ತಾರ್ರಿ ಸರ." ಬಿಡಲಿ.

ಫೈಲು ಒಪ್ಪಿಸಿದೆ. ಎರಡು ಪಟ್ಟಿಯ ಜೊತೆಗೆ ಕೋಚಿಂಗಿನವರು, ಅಂಗಡಿಯವರು, ಹೊಲದವರು, ಮನೆಯಲ್ಲಿರುವವರು ಎಂದು ಮೂರನೆಯದನ್ನೂ ಮಾಡಿದ್ದೆ. ಎಲ್ಲಕ್ಕಿಂತ ಉದ್ದ ಅದೇ. ಪ್ರಾಚಾರ್ಯರು ಕನ್ನಡಕ ಏರಿಸಿ ನೋಡಿ, "ಇದನ್ನ ಯಾರೂ ಕೇಳಿಲ್ಲವಲ್ರೀ" ಎಂದು ವಾಪಸು ಕೊಟ್ಟರು. ಅವರದೇನು ತಪ್ಪು, ನಮೂನೆಯಲ್ಲಿ ಜಾಗವಿಲ್ಲ.

ಆ ಪಟ್ಟಿ ವಿಭಾಗದ ಕಪಾಟಿನಲ್ಲಿದೆ. ಮುಂದಿನ ಜುಲೈಗೆ ಇದೇ ನಂಬರುಗಳಿಗೆ ಮತ್ತೆ ಫೋನ್ ಮಾಡಬೇಕು. ನ್ಯಾಕ್‌ಗೆ ಅದು ಬೇಕಿಲ್ಲ, ನಮಗೆ ಬೇಕು.