ಮಳವಳ್ಳಿ ದಾರಿಯ ಬ್ಯಾರನ್

ಮೈಸೂರಿಗೆ ಹೊರಟಿದ್ದೀರಾ? ಮದ್ದೂರಲ್ಲಿ ವಡೆ ತಿಂದು ಗಾಡಿನ ಎಡಕ್ಕೆ, ಮಳವಳ್ಳಿ ಕಡೆ ತಿರುಗಿಸಿ. ದಾರಿಯುದ್ದಕ್ಕೂ ಮಂಡ್ಯದ ಕಬ್ಬು, ಗದ್ದೆ. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯಲ್ಲಿ ಟಿಪ್ಪು ಸೈನ್ಯಕ್ಕೂ ಜನರಲ್ ಹ್ಯಾರಿಸ್ ಸೈನ್ಯಕ್ಕೂ ಕಾಳಗ ನಡೀತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. 1815ರಲ್ಲಿ ಹ್ಯಾರಿಸ್‌ಗೆ ಬ್ಯಾರನ್ ಪದವಿ ಸಿಕ್ತು. ಬಿರುದಿನಲ್ಲಿ ಶ್ರೀರಂಗಪಟ್ಟಣ, ಮೈಸೂರುಗಳ ಹೆಸರೂ ಸೇರಿತು.

ಬ್ರಿಟನ್ನಿನ ಐದು ಕುಲೀನ ದರ್ಜೆಗಳಲ್ಲಿ ಬ್ಯಾರನ್ ಕೊನೆಯದು. ಮೂಲದಲ್ಲಿ ಆ ಪದಕ್ಕೆ 'ಮನುಷ್ಯ', 'ಆಳು' ಅಂತಷ್ಟೇ ಅರ್ಥ. ರಾಜನಿಂದ ಭೂಮಿ ಪಡೆದು, ಅದಕ್ಕೆ ಪ್ರತಿಯಾಗಿ ಯುದ್ಧಕ್ಕೆ ಬರೋ ರಾಜನ ಆಳು. ನಮ್ಮಲ್ಲೂ ಅಷ್ಟೇ ನೋಡಿ: 'ಆಳು' ಅಂದ್ರೆ ಸೇವಕ, 'ಆಳು' ಅಂದ್ರೆ ರಾಜ್ಯಭಾರ ಮಾಡು!

ಮಳವಳ್ಳಿಯಲ್ಲಿ ಸತ್ತವರೂ ಆಳುಗಳೇ. ಅವರ ಹೆಸರು ಯಾವ ಬಿರುದಲ್ಲೂ ಇಲ್ಲ. ಕೆರೆ ಏರಿ ಮೇಲೆ ಒಂದು ನಿಮಿಷ ನಿಂತು ನೆನೆಸ್ಕೊಳ್ಳಿ.