ಹೋಗೋಕೆ ಎಂಟು, ಬರೋಕೆ ಹತ್ತು

ತಂಗಿಯ ಟೋಕಿಯೊ ಟಿಕೆಟ್ ನೋಡ್ತಾ ಕೂತಿದ್ದೆ. ದಿಲ್ಲಿಯಿಂದ ಹೋಗೋಕೆ ಹೆಚ್ಚುಕಮ್ಮಿ 8 ಗಂಟೆ, ವಾಪಸ್ ಬರೋಕೆ ಹತ್ತಿರಹತ್ತಿರ 10! ಎರಡೂ ಊರಿನ ಗಡಿಯಾರಕ್ಕೆ ಮೂರೂವರೆ ಗಂಟೆ ವ್ಯತ್ಯಾಸ ಇದೆಯಲ್ಲ, ಅದರ ಲೆಕ್ಕ ತಪ್ಪಿದೆ ಅಂದ್ಕೊಂಡೆ. ಕೂಡಿಸಿ ಕಳೆದು ನೋಡಿದ್ರೂ ಅಷ್ಟೇ. ದೂರ ಮಾತ್ರ ಎರಡೂ ಕಡೆಗೆ ಅದೇ ಸುಮಾರು 5,850 ಕಿ.ಮೀ.

ಇದೆಲ್ಲ ಜೆಟ್ ಸ್ಟ್ರೀಮ್ ಕಿತಾಪತಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗೋ ಗಾಳಿ. ಚಳಿಗಾಲದಲ್ಲಿ ಜಪಾನಿನ ಮೇಲಂತೂ ಅದರ ಆರ್ಭಟ ಜೋರು. ಹೋಗುವಾಗ ಬೆನ್ನು ತಳ್ಳುತ್ತೆ, ಬರುವಾಗ ಎದೆಗೆ ಅಡ್ಡ ನಿಲ್ಲುತ್ತೆ.

ಬಸ್ಸಲ್ಲಿ ನಮಗೆ ಉಲ್ಟಾ ಅಲ್ವಾ? ಹೋಗೋ ದಾರಿ ಮುಗಿಯೋದೇ ಇಲ್ಲ, ಮನೆಗೆ ಬರೋ ದಾರಿ ಗಿಡ್ಡ ಅನ್ಸುತ್ತೆ. ನಿಮಗೂ ಹಾಗೇನಾ?